ಐನೂರರ ಡೀಸೆಲ್

ನಾಲ್ಕು ವರ್ಷ ಬಂಕಿನಲ್ಲಿ ನಾನು ಹೇಳಿದ್ದು ಒಂದೇ ಮಾತು:
ಐನೂರಕ್ಕೆ ಹಾಕಪ್ಪ, ಮೆಲ್ಲಗೆ ಹಾಕು.
ಕೈಯಲ್ಲಿ ದುಡ್ಡಿಲ್ಲ ಅಂದುಕೊಂಡಿದ್ದ ಹುಡುಗ.
ಸೊನ್ನೆ ನೋಡ್ಕೋ ಅಕ್ಕಾ ಅನ್ನುವಾಗ
ದನಿಯಲ್ಲಿ ಒಂದು ಹನಿ ಮರುಕ.
ದುಡ್ಡಿತ್ತು. ಗಂಟಲು ಇರಲಿಲ್ಲ.
ಟ್ಯಾಂಕು ಅರ್ಧ ದಾಟಿದರೆ ಮಡ್‌ಗಾರ್ಡಿನ ಹಿಂದೆ
ಟಪ್, ಟಪ್,
ಕೌಲ್ ಬಜಾರಿನ ತಿರುವಿನ ತನಕ
ಟಾರಿನ ಮೇಲೆ ನನ್ನ ಗುರುತು.

ನನ್ನ ವ್ಯಾನು ಹೊರುವುದು ಪ್ಯಾಂಟು,
ಪ್ಯಾಂಟಾಗುವ ಮುಂಚಿನ ಪ್ಯಾಂಟು:
ಎಡಗಾಲು ಬೇರೆ ಗಂಟು, ಬಲಗಾಲು ಬೇರೆ ಗಂಟು,
ಜೇಬುಗಳದ್ದೇ ಒಂದು ಮೂಟೆ.
ಬೆಳಿಗ್ಗೆ ಮನೆಮನೆಗೆ ಹಂಚಿ, ಸಂಜೆ
ಹೊಲಿದು ಕೂಡಿಸಿದ್ದನ್ನು ಬಾಚಿಕೊಂಡು ಬರಬೇಕು.
ಮೊನ್ನೆ ಮಾರೆಕ್ಕ ಮೂಗಿಗೆ ಸೆರಗು ಹಿಡಿದು
ಇದೇನು ಪ್ಯಾಂಟೋ ಲಾರಿನೋ ಅಂದಳು.
ಮಾಲೀಕ ಏನೂ ಅನ್ನಲಿಲ್ಲ.
ಚೀಟಿಯಲ್ಲಿ ನಲವತ್ತು ಪೀಸು ಹೊಡೆದು ಹಾಕಿದ.

ದಾದಾಪೀರ್ ಹಿಂದಿನ ಚಕ್ರ ಬಿಚ್ಚಿದ.
ಒಳಗಿನ ಪ್ಲಾಸ್ಟಿಕ್ ಪರದೆ ಎಳೆದಾಗ
ಬೊಗಸೆ ಬೊಗಸೆ ಮಣ್ಣು ಬಿತ್ತು,
ಸಂಡೂರಿನ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ
ನಾನೂ ಗಾಡಿಯೂ ಉಂಡ ಕೆಂಪು.
ಬ್ರಾಕೆಟ್ಟು ಪೈಪನ್ನು ಅಪ್ಪಿ ಹಿಡಿದ ಕಡೆ
ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದ, ಅಷ್ಟೆ,
ಹಪ್ಪಳ.
ಗಾದಿಲಿಂಗ ಅಂಗೈ ಒಡ್ಡಿ ನಿಂತಿದ್ದ. ಅದರಲ್ಲಿ
ತುಕ್ಕು ಯಾವುದು, ಅದಿರು ಯಾವುದು
ಅವನಿಗೂ ತಿಳಿಯಲಿಲ್ಲ, ನನಗೂ.
ಗುಡ್ಡ ಅಗೆದು, ಕರಗಿಸಿ, ಕೊಳವೆ ಮಾಡಿ,
ಎಲ್ಲೋ ದೂರದಲ್ಲಿ ಬಣ್ಣ ಬಳಿದು ಕಳಿಸಿದ್ದು
ನನ್ನ ಚಕ್ರದ ಮರೆಯಲ್ಲಿ ಕೂತು
ಸದ್ದಿಲ್ಲದೆ ಮತ್ತೆ ಗುಡ್ಡವಾಗುತ್ತಿತ್ತು.

ಕಂಪನಿ ಪೈಪು ಹುಬ್ಬಳ್ಳಿಯಿಂದ ಬರಬೇಕು, ಹನ್ನೆರಡು ದಿನ.
ಗುಜರಿದು ಐತೆ, ಇವತ್ತೇ.
ಇವತ್ತೇ ಅಂದೆ.
ಯಾರ ಗಾಡೀದು ಅಂತ ಕೇಳಬಾರದೆಂದಿದ್ದೆ, ಕೇಳಿದೆ.
ಸಿರುಗುಪ್ಪ ಕಡೇದು, ಅಕ್ಕಿ ಹೊಡೀತಿತ್ತು.
ಮುಂದೆ ಏನೂ ಉಳಿದಿಲ್ಲ, ಹಿಂದೆ ಹೊಸದರಂಗೈತೆ.
ಡ್ರೈವರ್?
ದಾದಾಪೀರ್ ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡಿದ್ದ.
ತೆಗೆಯಲಿಲ್ಲ.

ಆ ಪೈಪಿನ ಬಾಯಲ್ಲಿ ಕಣಜದ ಹುಳು ಮನೆ ಕಟ್ಟಿತ್ತು,
ಉಗುರಿನಷ್ಟಗಲ ಮೂರು ಮಣ್ಣಿನ ಕೋಣೆ.
ಗಾದಿಲಿಂಗ ತಂತಿ ಹಾಕಿ ಕೆರೆದ, ಗಾಳಿ ಹೊಡೆದ,
ಒಂದು ತುದಿ ನನ್ನ ಕಿವಿಗೆ ಕೊಟ್ಟು
ಇನ್ನೊಂದರಲ್ಲಿ ಅಕ್ಕಾ ಅಂದ.
ಆ ಅಕ್ಕಾ ತಿರುವಿನಲ್ಲಿ ಸ್ವಲ್ಪ ತಡೆದು ಬಂತು.

ದೊಡ್ಡ ಪೈಪು ಕುಡಿಯೋಕೆ, ಸಣ್ಣದು ಉಸಿರಾಡೋಕೆ.
ಒಳಗಿನ ಗಾಳಿಗೆ ದಾರಿ ಬಿಡದಿದ್ರೆ
ಕುಡಿಸಿದ್ದೆಲ್ಲ ಕಕ್ಕುತ್ತೆ ಅಂದ ಚಕ್ರದ ಗೂಡಿನಿಂದ.
ಹಳೆಯ ರಬ್ಬರು ಏರಲೊಲ್ಲದು.
ಬಿಸಿನೀರು ಹೊಯ್ದ, ಅದರ ಅಜ್ಜಿಯನ್ನು ಬೈದ,
ಬೀಡಿ ಹಚ್ಚಲು ಹೋಗಿ ನೆನಪಾಗಿ
ಕಿವಿಗೆ ಸಿಕ್ಕಿಸಿಕೊಂಡ.
ನಾನು ಮೊಬೈಲಿನ ಟಾರ್ಚು ಹಿಡಿದಿದ್ದೆ.
ಬೆಳಕು ಅಲ್ಲಾಡಿಸಬೇಡ ಅಂತ ಎರಡು ಸಲ ಗದರಿದ.

ಫುಲ್ ಅಂದೆ ಬಂಕಿನಲ್ಲಿ.
ಹುಡುಗ ಕೇಳಿಸದವನಂತೆ ನಿಂತ.
ಫುಲ್.
ಐನೂರು ದಾಟಿತು. ನಾನು ಬಗ್ಗಿ
ಮಡ್‌ಗಾರ್ಡಿನ ಕೆಳಗೆ ಅಂಗೈ ಹಿಡಿದೆ. ಒಣ.
ಸಾವಿರ. ಒಣ.
ಎರಡು ಸಾವಿರದ ಇನ್ನೂರಾ ಅರವತ್ತಕ್ಕೆ
ಟಕ್ಕೆಂದು ತಾನೇ ನಿಂತಿತು.
ಅದು ತಾನೇ ನಿಲ್ಲುತ್ತದೆಂದು
ನಾಲ್ಕು ವರ್ಷ ಗಾಡಿ ಓಡಿಸಿದ ನನಗೆ ಗೊತ್ತಿರಲಿಲ್ಲ.

ಗೇಟು ದಾಟುವಾಗ ಸಿರುಗುಪ್ಪದ ರಸ್ತೆಯ ಕಡೆ
ಒಮ್ಮೆ ಹಾರ್ನ್ ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ.
ಬಲಕ್ಕೆ ತಿರುಗಿಸಿದಾಗ ಹಿಂದೆ, ಕತ್ತಲಲ್ಲಿ,
ಎಡಗಾಲುಗಳ ಗಂಟು ಜರುಗಿ
ಬಲಗಾಲುಗಳಿಗೆ ಒರಗಿತು.